ಜೀರುಂಡೆಯ ಖಾಲಿ ಸಾಲುಗಳು

ಕಂಪ್ಯೂಟರ್ ಲ್ಯಾಬ್
ಬುಧವಾರ, ಮಧ್ಯಾಹ್ನ

ಅಮ್ಮಾ,

ಮೊದಲಿಗೆ, ಹೀಗೆ ಬರೆಯುತ್ತಿರುವುದಕ್ಕೇ ಸಾರಿ ಕೇಳುತ್ತೇನೆ. ನಿನಗೆ ಪುರುಸೊತ್ತಿಲ್ಲ ಎಂದು ಗೊತ್ತು. ಚಿಕ್ಕವಳಿದ್ದಾಗ ನನ್ನನ್ನು ಹಾಸ್ಟೆಲ್ಲಿಗೆ ಬಿಟ್ಟುಹೋದ ದಿನದಿಂದಲೂ ಗೊತ್ತು. ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷೇ ಇದ್ದರೆ ಅದಕ್ಕೂ ಸಾರಿ. ಮನೆಯಲ್ಲಿ ಬೆಳೆದಿದ್ದರೆ ಪೂರ್ತಿ ಬರುತ್ತಿತ್ತೇನೋ. ನೋಡು, ಜಗಳ ತೆಗೆಯಬಾರದು ಅಂದುಕೊಂಡೇ ಕೂತೆ, ಮೊದಲ ಪ್ಯಾರಾದಲ್ಲೇ ಶುರು ಮಾಡಿದೆ.

ನಮ್ಮ ಸ್ಟ್ಯಾಟಿಸ್ಟಿಕ್ಸ್ ಪ್ರಾಕ್ಟಿಕಲ್ ಯೂನಿವರ್ಸಿಟಿಯ ಕ್ಲಸ್ಟರ್ ಮೇಲೆ ನಡೆಯುತ್ತದೆ. ನೂರಾರು ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಕಟ್ಟಿ ತಣ್ಣನೆಯ ಒಂದು ಕೋಣೆಯಲ್ಲಿ ಕೂಡಿಹಾಕಿದ್ದಾರೆ, ನಮ್ಮ ಹಳೇ ಹಾಸ್ಟೆಲ್ಲಿನ ಡಾರ್ಮಿಟರಿಯ ಹಾಗೆ. ನಮ್ಮ ಲೆಕ್ಕವನ್ನು ಕ್ಯೂಗೆ ಹಾಕಿ ಸರದಿ ಕಾಯಬೇಕು. ಅದು ತಿಳಿಯದೆ ನಾನು ಲಾಗಿನ್ ಆಗುವ ಮೆಷಿನ್ನಿನಲ್ಲೇ ಇಡೀ ಲೆಕ್ಕ ಓಡಿಸಿಬಿಟ್ಟೆ. ಎಲ್ಲರ ಸ್ಕ್ರೀನೂ ನಿಂತುಹೋಯಿತು. ಸಿಸ್ಟಮ್ ನೋಡಿಕೊಳ್ಳುವವರು ಓಡಿಬಂದು, "ಯಾರಮ್ಮ ಅದು, ಹೊಸಿಲ ಮೇಲೆ ಒಲೆ ಹಚ್ಚಿದ್ದು? ಇದು ಬರೀ ಒಳಗೆ ಬರೋ ಬಾಗ್ಲು. ಅಡುಗೆಮನೆ ಆ ಕಡೆ ಇದೆ!" ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಂದಿನಿಂದ ನನ್ನ ಹೆಸರು ಹೊಸಿಲಮ್ಮ.

ಆಮೇಲೆ ಖಾಲಿ ಬಿಟ್ಟ ಅಳತೆಗಳನ್ನು ಊಹಿಸಿ ತುಂಬಿಸುವ ಪಾಠ ಬಂತು. ಆ ಊಹೆ ಮಾಡಿಕೊಡುವ ರೆಡಿಮೇಡ್ ಪ್ರೋಗ್ರಾಮಿದೆ, ಆ ಪ್ಯಾಕೇಜ್ ಹಾಕಿಕೊಳ್ಳಿ ಎಂದರು ಮೇಡಂ. ಬರೆದವರು ಎಂಬ ಜಾಗದಲ್ಲಿ ನಿನ್ನ ಹೆಸರಿತ್ತು. ನಾನು ಯಾರಿಗೂ ಹೇಳಲಿಲ್ಲ.

ನನಗೆ ಒಂದೇ ಸಲಕ್ಕೆ ಇನ್‌ಸ್ಟಾಲ್ ಆಯಿತು. ಪಾಪ, ನನ್ನ ರೂಮ್‌ಮೇಟ್‌ಗೆ ಆಗಲಿಲ್ಲ. ಪರ್ಮಿಶನ್ ಇಲ್ಲ ಎಂದು ಎರರ್ ಮೇಲೆ ಎರರ್. ಅವಳು ನಿನಗೆ ಮೇಲ್ ಹಾಕಿದಳು. ಕಾಫಿ ಕುಡಿದು ಬರುವಷ್ಟರಲ್ಲಿ ನಿನ್ನ ಉತ್ತರ ಬಂದಿತ್ತು. ಎಷ್ಟು ಉದ್ದ! ಪ್ಯಾಕೇಜುಗಳನ್ನು ಇಡುವ ಕ್ಲಸ್ಟರಿನ ಲೈಬ್ರರಿ ಎಲ್ಲರದು, ಅದರಲ್ಲಿ ಬರೆಯುವ ಹಕ್ಕು ನಿಮಗಿರುವುದಿಲ್ಲ, ನಿಮ್ಮ ಫೋಲ್ಡರಿನಲ್ಲೇ ಒಂದು ಲೈಬ್ರರಿ ಮಾಡಿಕೊಳ್ಳಿ ಎಂದು ಒಂದೊಂದೇ ಹೆಜ್ಜೆ ಬಿಡಿಸಿ ಬರೆದಿದ್ದೆ. ಕೊನೆಗೆ, "ಗಾಬರಿಯಾಗಬೇಡಿ, ಮೊದಲ ವರ್ಷ ಎಲ್ಲರಿಗೂ ಹೀಗೇ. ಊಟ ಮಾಡಿ ಬಂದು ನಿಧಾನವಾಗಿ ನೋಡಿ" ಎಂದೂ. ಅದನ್ನು ನಾನೂ ಓದಿದೆ. ಹಾಸ್ಟೆಲ್ಲಿಗೆ ನೀನು ಬರೆಯುತ್ತಿದ್ದದ್ದು ಎರಡು ಸಾಲು: ಚೆನ್ನಾಗಿ ಓದು, ಹುಷಾರು.

ಆ ಪ್ಯಾಕೇಜ್ ಜೊತೆ ಅಭ್ಯಾಸಕ್ಕೆಂದು ನೀನೇ ಇಟ್ಟಿರುವ ಡೇಟಾ ಇದೆಯಲ್ಲ, ಜೀರುಂಡೆ ಅಂತ. ಮೇಡಂ ಅದನ್ನು ಓಪನ್ ಮಾಡಿದರು. ಹಿಂದಿನ ಬೆಂಚಿನವನೊಬ್ಬ, "ಮೇಡಂ, ಮೀಟರ್ ಎತ್ತರದ ಜೀರುಂಡೆನಾ? ಇದು ಹಾರ್ಕೊಂಡು ಬಂದ್ರೆ ನಾನಂತೂ ಕಿಟಕಿ ಹಾರ್ತೀನಿ" ಎಂದ. "ಯಾವುದೋ ಮಗು ಕಣೋ, ಎತ್ತರ ಅಳೆದಿದ್ದಾರೆ. ಎಷ್ಟು ಅಚ್ಚುಕಟ್ಟಾಗಿದೆ ನೋಡು ಡೇಟಾ" ಎಂದರು ಮೇಡಂ.

ಅಚ್ಚುಕಟ್ಟಾಗಿಯೇ ಇದೆ. ತಿಂಗಳು ತಿಂಗಳೂ ಅಡುಗೆಮನೆಯ ಬಾಗಿಲಿಗೆ ನನ್ನ ಬೆನ್ನು ಒತ್ತಿ ನಿಲ್ಲಿಸಿ, ತಲೆ ಮೇಲೆ ಪುಸ್ತಕ ಇಟ್ಟು, "ಹಿಮ್ಮಡಿ ಎತ್ಬೇಡ್ವೇ ಜೀರುಂಡೆ" ಎಂದು ಗದರಿ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆಯಲ್ಲ, ಆ ಗೆರೆಗಳೆಲ್ಲ ಇವೆ. ನನಗೆ ಏಳು ವರ್ಷವಾಗಿ ಹಾಸ್ಟೆಲ್ಲಿಗೆ ಸೇರುವವರೆಗೆ. ಅಲ್ಲಿಂದ ಮುಂದೆ ಖಾಲಿ.

ಅಸೈನ್‌ಮೆಂಟಿನ ಪ್ರಶ್ನೆ: ಈ ಸಾಲುಗಳು ಯಾಕೆ ಖಾಲಿ? ಆಕಸ್ಮಿಕವಾಗಿಯೋ, ಕಾರಣವಿದೆಯೋ? ಟೇಪು ಕಳೆದುಹೋಗಿ ಅಳೆಯಲಿಲ್ಲ ಎಂದರೆ ಆಕಸ್ಮಿಕ. ಆಗ ಬೇರೆ ಮಕ್ಕಳ ಅಳತೆಗಳನ್ನು ನೋಡಿ ಪ್ಯಾಕೇಜ್ ಊಹಿಸಿದ್ದು ನಂಬಬಹುದು. ಮಗುವಿಗೇ ಏನಾದರೂ ಆಗಿ ಅಳತೆ ನಿಂತಿದ್ದರೆ ಊಹೆ ಸುಳ್ಳಾಗುತ್ತದೆ. ಇದೆಲ್ಲ ನಿನಗೆ ನಾನು ಹೇಳಬೇಕಾ? ಪ್ಯಾಕೇಜಿನ ಜೊತೆಗಿರುವ ಸಹಾಯದ ಪುಟದಲ್ಲಿ ನೀನೇ ಬರೆದಿದ್ದೀಯ: "ಇಲ್ಲಿಂದ ಮುಂದಿನ ಅಳತೆಗಳು ಆಕಸ್ಮಿಕವಾಗಿ ಬಿಟ್ಟುಹೋಗಿವೆ." ಎಲ್ಲರೂ ಅದನ್ನೇ ಕಾಪಿ ಮಾಡಿದರು.

ಕ್ಲಸ್ಟರು ನನ್ನ ಖಾಲಿ ಸಾಲುಗಳನ್ನು ಸಾವಿರ ಬಗೆಯಲ್ಲಿ ತುಂಬಿಸಿಕೊಟ್ಟಿತು. ಸಾವಿರ ಗೆರೆಗಳೂ ನುಣ್ಣಗೆ ಮೇಲಕ್ಕೆ ಹೋಗಿದ್ದವು. ಹಾಸ್ಟೆಲ್ಲಿನ ಮೊದಲ ವರ್ಷ ನಾನು ಬೆಳೆಯಲೇ ಇಲ್ಲ, ಅಮ್ಮ. ತಟ್ಟೆ ಮುಟ್ಟುತ್ತಿರಲಿಲ್ಲ. ವರ್ಷದ ಕೊನೆಗೂ ಯೂನಿಫಾರ್ಮಿನ ಅಂಚು ಬಿಚ್ಚಿ ಉದ್ದ ಮಾಡಬೇಕಾಗಲಿಲ್ಲ. "ಒಳ್ಳೇದಾಯ್ತು ಬಿಡು, ಕೆಲಸ ಉಳೀತು" ಎಂದರು ವಾರ್ಡನ್. ಸಾವಿರದಲ್ಲಿ ಒಂದು ಗೆರೆಗೂ ಅದು ಹೊಳೆಯಲಿಲ್ಲ. ನೀನು ನನ್ನ ಎತ್ತರವನ್ನು ಊಹಿಸುವುದಕ್ಕೆ ಇಷ್ಟು ದೊಡ್ಡ ಪ್ರೋಗ್ರಾಮ್ ಬರೆದೆ. ಹಾಸ್ಟೆಲ್ಲಿಗೆ ಒಂದು ಫೋನ್ ಮಾಡಿದ್ದರೆ ವಾರ್ಡನ್ನೇ ಹೇಳುತ್ತಿದ್ದರು.

"ನಿಮ್ಮಮ್ಮ ಅಷ್ಟು ದುಡಿದಿದ್ದು ನಿನಗೋಸ್ಕರಾನೇ ಕಣೇ" ಎನ್ನುತ್ತಾಳೆ ಚಿಕ್ಕಮ್ಮ, ರಜೆಗೆ ಹೋದಾಗಲೆಲ್ಲ. ಇರಬಹುದು.

ನಾನು ಹೀಗೆ ಬರೆದೆ: ಆಕಸ್ಮಿಕವಲ್ಲ. ಮಗುವನ್ನು ಮನೆಯಿಂದ ಕಳಿಸಿದರು, ಅಳೆಯುವವರು ಬರಲಿಲ್ಲ, ಮಗುವಿನ ಬೆಳವಣಿಗೆಯೂ ನಿಂತಿತು. ಮೇಡಂ ಅದರ ಮೇಲೆ ಕೆಂಪು ಗೀಟು ಹಾಕಿ ಎಲ್ಲರೆದುರಿಗೆ, "ಕಥೆ ಕಟ್ಬೇಡಮ್ಮ. ಡೇಟಾ ಕೊಟ್ಟವರೇ ಆಕಸ್ಮಿಕ ಅಂದಿದ್ದಾರೆ. ನಿಂಗೇನು ಕನಸು ಬಿತ್ತಾ?" ಎಂದರು. ಆ ಮಗು ನಾನೇ ಎಂದಿದ್ದರೆ, ನನ್ನಮ್ಮನೇ ಹಾಗೆ ಬರೆದಿದ್ದಾಳೆ ಎಂದೂ ಹೇಳಬೇಕಾಗುತ್ತಿತ್ತಲ್ಲ. ಕೊನೆಗೆ ಅವರೇ, "ಅಷ್ಟು ಖಾತ್ರಿ ಇದ್ರೆ ಡೇಟಾ ಕೊಟ್ಟವರ ಹತ್ರಾನೇ ಬರೆಸ್ಕೊಂಡು ಬಾ, ಪಾಸ್ ಮಾಡ್ತೀನಿ" ಎಂದರು. ರಿಸಲ್ಟ್ ಹಾಕುವುದು ಸೋಮವಾರ. ಫೇಲಾದರೆ ಮುಂದಿನ ವರ್ಷ ಜೂನಿಯರ್‌ಗಳ ಜೊತೆ ಕೂತು ಮತ್ತೆ ಇದೇ ಜೀರುಂಡೆಯನ್ನು ತುಂಬಿಸಬೇಕು. ನನ್ನಿಂದ ಆಗಲ್ಲ.

ಆದ್ದರಿಂದ ಮೇಡಂಗೆ ಒಂದು ಸಾಲು ಬರೆ. ಆ ಸಹಾಯದ ಪುಟದ ಸಾಲನ್ನೂ ಬದಲಾಯಿಸು. ಅಥವಾ ಅದು ನಿಜವಾಗಿಯೂ ಆಕಸ್ಮಿಕವೇ ಆಗಿದ್ದರೆ, ಹೇಗೆ ಎಂದು ನನಗೆ ಹೇಳು. ರೂಮ್‌ಮೇಟ್‌ಗೆ ಹೇಳಿದ ಹಾಗೆ, ಒಂದೊಂದೇ ಹೆಜ್ಜೆ ಬಿಡಿಸಿ.

ಇತಿ,
ಜೀರುಂಡೆ

ತಾ.ಕ.: ನನಗೆ ರೂಮ್‌ಮೇಟ್ ಇಲ್ಲ. ಇನ್‌ಸ್ಟಾಲ್ ಆಗದೆ ಅಳುತ್ತಾ ಕೂತಿದ್ದವಳು ನಾನೇ. ಬೇರೆ ಹೆಸರಿನಲ್ಲಿ ಒಂದು ವಿಳಾಸ ಮಾಡಿಕೊಂಡು ಬರೆದೆ. ನೀನು ಹೇಳಿದ ಹಾಗೆ ಊಟ ಮಾಡಿಯೇ ಬಂದೆ. ನನ್ನ ಹೆಸರಿಗೆ ಬರೆಯಲು ಕಷ್ಟವಾದರೆ ಆ ವಿಳಾಸಕ್ಕೇ ಬರೆ, ಪರವಾಗಿಲ್ಲ. ಬೇಗ ಉತ್ತರ ಕೊಡು.