ಕಡ ಕೊಟ್ಟ ಹೆಸರು

ದಾವಣಗೆರೆ, ಫೆಬ್ರವರಿ ಮೂವತ್ತು, ೨೨೧೪

ಹಾಲೇಶಜ್ಜನವರಿಗೆ, ನಿಮ್ಮ ವಂಶದ ಆರನೆಯ ತಲೆಯವಳಾದ ಸಿದ್ಧಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದ ಫೆಬ್ರವರಿಗೆ ಇಪ್ಪತ್ತೆಂಟೇ ದಿನ ಎಂದು ಓದಿದ್ದೇನೆ. ಕಂತು ಕಟ್ಟುವ ದಿನ ಎಲ್ಲ ತಿಂಗಳೂ ಮೂವತ್ತಕ್ಕೇ ಬರಲಿ ಎಂದು ಸಾಲ ಕೊಡುವವರೆಲ್ಲ ಸೇರಿ ಅದಕ್ಕೆ ಎರಡು ದಿನ ಹೊಲಿದು ಸೇರಿಸಿದರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಲಗ್ನಪತ್ರಿಕೆಗಳನ್ನೂ ಬ್ಯಾಂಕಿನ ನೋಟಿಸುಗಳನ್ನೂ ಓದಿ. ನಿಮಗಿನ್ನೂ ನಲವತ್ತು ತುಂಬಿಲ್ಲ, ನನಗೆ ಅರವತ್ತು ದಾಟಿತು. ಆದರೂ ನಿಮ್ಮನ್ನು ಅಜ್ಜ ಎನ್ನುವುದು ನನ್ನ ಧರ್ಮ. ಬೈಯುವುದೂ ಧರ್ಮವೇ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಜನ ಅದನ್ನು ತೀರಿಹೋದ ತಾಯಿಗೋ ಗಂಡನಿಗೋ ಬರೆಯುತ್ತಾರೆ. ನಾನು ನನ್ನ ಪಾಲಿನದನ್ನು ಒಂದು ಫ್ರಿಜ್ಜಿನ ವಿಷಯಕ್ಕೆ ಖರ್ಚು ಮಾಡುತ್ತಿದ್ದೇನೆ, ಅದೂ ನಿಮ್ಮ ಮನೆಯ ಫ್ರಿಜ್ಜಲ್ಲ.

ಸಾಲ ಕೇಳಲು ಹೋದಾಗ ನಿಮ್ಮ ಕಾಲದವರು ನೋಡುತ್ತಿದ್ದ ಮೂರಂಕಿಯ ಕ್ರೆಡಿಟ್ ಸ್ಕೋರ್ ಇತ್ತಲ್ಲ, ಅದಕ್ಕೆ ನಾವು ನೆಚ್ಚು ಎನ್ನುತ್ತೇವೆ. ಈಗ ಅದು ಹುಟ್ಟುವಾಗಲೇ ಬರುತ್ತದೆ. ಹಿಂದಿನ ಏಳು ತಲೆಯವರು ಕಟ್ಟಿದ್ದು, ಕಟ್ಟದೆ ಬಿಟ್ಟಿದ್ದು ಎಲ್ಲವನ್ನೂ ಕೂಡಿ ಕಳೆದು, ತೊಟ್ಟಿಲಿಗೆ ಹಾಕುವ ದಿನ ಹೆಸರಿನ ಜೊತೆಗೇ ಮಗುವಿನ ಕಿವಿಯಲ್ಲಿ ಊದುತ್ತಾರೆ. ನನ್ನ ಮಗಳು ಕೊಟ್ರಮ್ಮನ ಕಿವಿಯಲ್ಲಿ ಸೋದರತ್ತೆ ಹೆಸರನ್ನು ಜೋರಾಗಿ ಊದಿ, ನೆಚ್ಚಿಗೆ ಬಂದಾಗ ದನಿ ತಗ್ಗಿಸಿದಳು. ಬೆಳಿಗ್ಗೆ ಮಂಡಕ್ಕಿ ಅಂಗಡಿಗೆ ಹೋದರೆ ಬಾಗಿಲಲ್ಲೇ ಹಣೆಯ ಮೇಲೆ ನೆಚ್ಚುದೀಪದ ಬೆಳಕು ಬೀಳುತ್ತದೆ. ನೆಚ್ಚು ಹೆಚ್ಚಿದ್ದವರಿಗೆ ಮೆಣಸಿನಕಾಯಿ ಬಜ್ಜಿ ಬಾಣಲೆಯಿಂದ ನೇರವಾಗಿ ಬರುತ್ತದೆ. ನಮಗೆ ಆರಿದ್ದು, ಅದೂ ದುಡ್ಡು ಮೊದಲು ಇಟ್ಟರೆ. ಬಸ್ಸಿನ ಬಾಗಿಲು ಸಹ ನಮ್ಮನ್ನು ಕಂಡು ಸ್ವಲ್ಪ ಯೋಚಿಸಿ ತೆರೆದುಕೊಳ್ಳುತ್ತದೆ. ಯಂತ್ರಕ್ಕೂ ಇಷ್ಟು ಕೊಬ್ಬು ಬರಬಹುದು ಎಂದು ನಿಮ್ಮ ಕಾಲದಲ್ಲಿ ಯಾರಿಗೂ ಹೊಳೆದಿರಲಿಕ್ಕಿಲ್ಲ.

ಇದನ್ನೆಲ್ಲ ನುಂಗಿಕೊಂಡು ಬಂದೆ. ನುಂಗಲಾಗದ್ದು ಅಂಕಪಂಕ್ತಿ. ಮದುವೆ ಊಟದಲ್ಲಿ ನೆಚ್ಚು ನೋಡಿ ಎಲೆ ಹಾಕುವ ಪದ್ಧತಿಗೆ ಹಾಗೆನ್ನುತ್ತಾರೆ. ಹಿಂದೆ ಜಾತಿ ನೋಡಿ ಪಂಕ್ತಿ ಬೇರೆ ಮಾಡುತ್ತಿದ್ದರಂತೆ. ಆ ಅನಿಷ್ಟವನ್ನು ಬಿಟ್ಟೆವು ಎಂದು ನಮ್ಮ ಹಿರಿಯರು ಭಾಷಣ ಬಿಗಿಯುತ್ತಾರೆ, ಭಾಷಣ ಮುಗಿಸಿ ಕೈ ತೊಳೆದು ಮೊದಲ ಪಂಕ್ತಿಯಲ್ಲಿ ಕೂರುತ್ತಾರೆ. ಥೂ! ಕೊನೆಯ ಪಂಕ್ತಿಗೆ ಹೋಳಿಗೆ ಬರುವ ಹೊತ್ತಿಗೆ ತುಪ್ಪದ ಪಾತ್ರೆ ತಳ ಕಂಡಿರುತ್ತದೆ. ತುಪ್ಪ ಹೋಗಲಿ, ಬಡಿಸುವವನು ನಮ್ಮ ಎಲೆಯ ಮುಂದೆ ಬಂದಾಗ ಮುಖವನ್ನು ಆಚೆ ತಿರುಗಿಸಿಕೊಂಡು ಅನ್ನ ಸುರಿಯುತ್ತಾನೆ.

ನಾಳಿದ್ದು ಕೊಟ್ರಮ್ಮನ ಮದುವೆ. ಹುಡುಗ ಹರಿಹರದವನು, ಚನ್ನವೀರ ಎಂದು ಹೆಸರು. ಇಬ್ಬರೂ ತಾವಾಗಿಯೇ ಮೆಚ್ಚಿಕೊಂಡವರು. ತಾಳಿ ಕಟ್ಟುವುದಕ್ಕೆ ಯಾರ ತಕರಾರೂ ಇಲ್ಲ, ತಕರಾರೆಲ್ಲ ಭೂಮದ ಊಟಕ್ಕೆ. ಹೊಸ ಗಂಡ ಹೆಂಡತಿ ಒಂದೇ ಹರಿವಾಣಕ್ಕೆ ಕೈ ಹಾಕಿ ಉಣ್ಣುವ ಆ ಶಾಸ್ತ್ರ ನಿಮಗೂ ಗೊತ್ತು, ನೀವೂ ಉಂಡವರೇ. ನಮ್ಮ ಬೇರುಕಲೆ ಹೋಗುವ ತನಕ ಹುಡುಗಿ ಆ ಹರಿವಾಣ ಮುಟ್ಟುವಂತಿಲ್ಲ, ಅವಳಿಗೆ ಬೇರೆ ತಟ್ಟೆ ಇಡುತ್ತೇವೆ ಎಂದು ಬೀಗರು ಹೇಳಿ ಕಳಿಸಿದ್ದಾರೆ. ನೀನಾದರೂ ಒಂದು ಮಾತು ಹೇಳಪ್ಪ ಎಂದು ಚನ್ನವೀರನನ್ನು ಕೇಳಿದೆ. “ಏನ್ ಮಾಡ್ಲಿ ಅತ್ತೆ, ನಮ್ಮನೇಲಿ ಪದ್ಧತಿ ಐತೆ. ಒಂದ್ ಹೊತ್ತಿನ ಊಟ ತಾನೆ,” ಎಂದು ಉಗುರು ನೋಡಿಕೊಂಡು ಕೂತ.

ಬೇರುಕಲೆ ಎಂದರೆ ಮನೆತನದ ಲೆಕ್ಕದಲ್ಲಿ ಎಲ್ಲಕ್ಕಿಂತ ಹಳೆಯ ಬಾಕಿ. ಲೆಕ್ಕದ ಕಚೇರಿಗೆ ಹೋಗಿ ತೆಗೆಸಿ ನೋಡಿದೆ. ಅಲ್ಲಿ ಅಂಕಿಯಷ್ಟೇ ಅಲ್ಲ, ಯಾರು ಯಾರಿಗೆ ಏನು ಹೇಳಿದರು ಎಂಬುದೂ ದಾಖಲಾಗಿರುತ್ತದೆ. ನೋಡಿದರೆ ನೀವು! ಜೂಜಲ್ಲ, ಕುಡಿತವಲ್ಲ, ಮೋಸವಲ್ಲ. ನಿಮ್ಮ ಹೆಂಡತಿಯ ತಮ್ಮ ತಿಪ್ಪೇಶಿ ಬಂದು, “ಭಾವ, ನಿಮ್ ಹೆಸರಲ್ಲಿ ಒಂದ್ ಫ್ರಿಜ್ ತೆಗೆಸಿಕೊಡ್ರಿ, ಕಂತು ನಾನ್ ಕಟ್ಕೊಂಡ್ ಹೋಗ್ತೀನಿ,” ಎಂದದ್ದಕ್ಕೆ ನೀವು ಹಿಂದೆ ಮುಂದೆ ನೋಡದೆ ಆಧಾರ್ ಕಾರ್ಡ್ ಎತ್ತಿಕೊಂಡು ಅಂಗಡಿಗೆ ಹೋದಿರಿ. ಅವನು ಕೆಲವು ತಿಂಗಳು ಕಟ್ಟಿ ಕೈಬಿಟ್ಟ. ಹೆಂಡತಿಯ ತವರು, ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ನೀವು ಬಾಯಿ ಬಿಡಲಿಲ್ಲ. ಹಬ್ಬಕ್ಕೆ ಅವನ ಮನೆಗೆ ಹೋಗಿ, ಅದೇ ಫ್ರಿಜ್ಜಿನ ತಣ್ಣೀರು ಕುಡಿದು, ಕಂತಿನ ಮಾತೆತ್ತದೆ ಬಂದಿರಿ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ನಿಮ್ಮ ಕಾಲದಲ್ಲೂ ಇತ್ತಲ್ಲ. ಬಸಿರಾದವರು ನೀವು, ಹೆರುತ್ತಿರುವವರು ನಾವು. ವಸೂಲಿಯವರು ಫೋನ್ ಮಾಡಿದಾಗ ಸಿಮ್ ಬದಲಾಯಿಸಿದಿರಿ, ಅಲ್ಲಿಗೆ ಸಾಲವೂ ಮುಗಿಯಿತು ಎಂದುಕೊಂಡಿರಿ. ಆಮೇಲೆ ನಿಮಗೇ ಸ್ಕೂಟರ್ ಸಾಲ ಸಿಗದೆ ಹೋದಾಗ, ಒಂದು ಕಡೆ ಇಲ್ಲವೆಂದರೆ ಇನ್ನೊಂದು ಕಡೆ ಎಂದು ಊರಿನಲ್ಲಿದ್ದ ಫೈನಾನ್ಸ್ ಕಂಪನಿಗಳಿಗೆಲ್ಲ ಅರ್ಜಿ ಹಾಕಿದಿರಿ. ಪ್ರತಿಯೊಂದು ಅರ್ಜಿಯೂ ನಿಮ್ಮ ಹೆಸರಿಗೆ ಇನ್ನೊಂದು ಕಪ್ಪು ಚುಕ್ಕೆ ಇಟ್ಟಿತು. ಹೀಗೆ ಹೆಸರನ್ನೇ ಕಡ ಕೊಡುವುದಕ್ಕೆ ನಾವು ಹೆಸರುಗಡ ಎನ್ನುತ್ತೇವೆ. ನಮ್ಮಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಮೊದಲು ಅದನ್ನು ಮಾಡಬಾರದೆಂದು ಕಲಿಸುತ್ತಾರೆ.

ಈಗ ನಾನು ಹೇಳುವುದನ್ನು ಗಮನವಿಟ್ಟು ಕೇಳಿ. ಈ ಕಾಗದ ನಿಮ್ಮ ಕೈಗೆ ಬಂದ ದಿನವೇ ನಿಮ್ಮ ಕ್ರೆಡಿಟ್ ವರದಿ ತರಿಸಿಕೊಳ್ಳಿ. ವರ್ಷಕ್ಕೊಮ್ಮೆ ಪುಕ್ಕಟೆ ಕೊಡುತ್ತಾರೆ. ಕೆಟ್ಟದ್ದಿದೆ ಎಂದು ಗೊತ್ತಿದ್ದೇ ಅದನ್ನು ನೋಡಲು ಹೆದರುತ್ತೀರಿ, ಹಲ್ಲುನೋವಿನವನು ಕನ್ನಡಿಯನ್ನು ತಪ್ಪಿಸಿದ ಹಾಗೆ. ನೋಡಿ. ಅದರಲ್ಲಿ ನಿಮ್ಮದಲ್ಲದ ಒಂದು ಸಾಲವೂ ಸೇರಿಕೊಂಡಿದೆ, ನಿಮ್ಮದೇ ಹೆಸರಿನ ಬೇರೆ ಯಾರದ್ದೋ. ಅದನ್ನು ತೆಗೆಯಿರಿ ಎಂದು ಬರವಣಿಗೆಯಲ್ಲಿ ದೂರು ಕೊಡಿ, ಉತ್ತರ ಬರುವ ತನಕ ಬೆನ್ನು ಬಿಡಬೇಡಿ. ಫ್ರಿಜ್ಜಿನ ಬಾಕಿಯನ್ನು ನೀವೇ ಪೂರ್ತಿ ಕಟ್ಟಿ. ಅರ್ಧ ಕೊಡಿ, ಸೆಟ್ಲ್‌ಮೆಂಟ್ ಮಾಡಿ ಮುಗಿಸೋಣ ಎಂದು ಅವರು ಆಸೆ ತೋರಿಸುತ್ತಾರೆ. ಹಾಗೆ ಮಾಡಿದರೆ ಪೂರ್ತಿ ಕಟ್ಟದೆ ಬಿಟ್ಟವನು ಎಂದು ವರ್ಷಗಟ್ಟಲೆ ವರದಿಯಲ್ಲಿ ಉಳಿಯುತ್ತೀರಿ. ಕಟ್ಟಿದ ಮೇಲೆ ಬಾಕಿ ಇಲ್ಲವೆಂದು ಪತ್ರ ಬರೆಸಿಕೊಳ್ಳಿ, ವರದಿಯಲ್ಲೂ ಹಾಗೇ ಬಂತೇ ಎಂದು ನೋಡಿ. ಸ್ವಲ್ಪ ಹಣ ಕೂಡಿದಾಗ ಬ್ಯಾಂಕಿನಲ್ಲಿ ಠೇವಣಿ ಇಟ್ಟು, ಅದರ ಮೇಲೆ ಒಂದು ಚಿಕ್ಕ ಕಾರ್ಡು ತೆಗೆದುಕೊಳ್ಳಿ. ಅದರಲ್ಲಿ ಸೋಪು, ಎಣ್ಣೆಯಷ್ಟೇ ಕೊಂಡು, ಗಡುವಿಗೆ ಮುಂಚೆ ಇಡೀ ಬಿಲ್ಲು ಕಟ್ಟಿ. ಕನಿಷ್ಠ ಮೊತ್ತ ಕಟ್ಟಿದರೆ ಸಾಕು ಎಂದು ಅದರ ಮೇಲೆಯೇ ಬರೆದಿರುತ್ತದೆ, ನಂಬಬೇಡಿ. ಹೊಸ ಸಾಲಕ್ಕೆ ಸದ್ಯ ಎಲ್ಲೂ ಅರ್ಜಿ ಹಾಕಬೇಡಿ. ದುಡ್ಡು ಕೊಟ್ಟರೆ ಒಂದೇ ವಾರದಲ್ಲಿ ಕಲೆ ಅಳಿಸುತ್ತೇನೆ ಎಂದು ಒಬ್ಬ ಏಜೆಂಟ್ ಬರುತ್ತಾನೆ. ಅಂಥವರ ಸಂತತಿ ನಮ್ಮ ಕಾಲಕ್ಕೂ ಹರಿದು ಬಂದಿದೆ, ಅದೇ ಇಸ್ತ್ರಿ ಅಂಗಿ, ಅದೇ ನಗು. ಬಾಗಿಲಿನಿಂದಲೇ ಕಳಿಸಿ. ತಿಂಗಳು ತಿಂಗಳೂ ತಪ್ಪದೆ ಕಟ್ಟುವುದನ್ನು ಬಿಟ್ಟು ಇದಕ್ಕೆ ಬೇರೆ ಮದ್ದಿಲ್ಲ, ವರ್ಷವೇ ಹಿಡಿಯಬಹುದು. ಮತ್ತೆ ತಿಪ್ಪೇಶಿಯ ಹತ್ತಿರ ಹೋಗಿ ಬಾಯಿ ಬಿಟ್ಟು ಕೇಳಿ. ಕೊಡದಿದ್ದರೂ ಚಿಂತೆಯಿಲ್ಲ, ಇನ್ನೊಮ್ಮೆ ಅವನು ನಿಮ್ಮ ಹೆಸರು ಕೇಳುವುದಿಲ್ಲ.

ಇಷ್ಟು ಬರೆದು, ನನ್ನ ಮಗಳು ಗಂಡನ ಜೊತೆ ಒಂದೇ ಹರಿವಾಣದಲ್ಲಿ ಉಣ್ಣುವ ಹಾಗೆ ಮಾಡಿ ಎಂದು ಬೇಡಿಕೊಂಡು ಮುಗಿಸುವವಳಿದ್ದೆ. ಅಷ್ಟರಲ್ಲಿ ಕೊಟ್ರಮ್ಮ ಬಂದು ಪಕ್ಕದಲ್ಲಿ ಕೂತು, ಕಾಗದವನ್ನು ಮೊದಲಿನಿಂದ ಓದಿದಳು. ಅವಳು ಹರಿಹರಕ್ಕೆ ಹೋಗಿ ಬಂದಿದ್ದಳು. ಚನ್ನವೀರನ ತಂದೆ ತಾಯಿಯ ಎದುರಿಗೇ ಅವನ ಉಂಗುರ ಕೊಟ್ಟು, ಮದುವೆ ಬೇಡ ಎಂದು ಬಂದಿದ್ದಳು. ಯಾಕಮ್ಮ, ಅಜ್ಜ ಸರಿಮಾಡಿಕೊಂಡರೆ ಎಲ್ಲ ಸರಿಹೋಗುತ್ತಿತ್ತಲ್ಲ ಎಂದು ನಾನು ಅತ್ತೆ. “ಅಜ್ಜ ಸರಿ ಮಾಡ್ಕೊಳ್ಳಿ ಬಿಡವ್ವ, ಪಾಪ, ಅವರಿಗೂ ಒಂದ್ ಸ್ಕೂಟರ್ ಬೇಕಲ್ಲ. ನನಗೋಸ್ಕರ ಅಂತ ಮಾತ್ರ ಬರೀಬೇಡ,” ಎಂದಳು. “ನನ್ ಅಂಕ ಏರಿದ್ ಮೇಲೆ ಅವರು ಹರಿವಾಣಕ್ಕೆ ಕೂರಿಸ್ತಾರೆ ನಿಜ. ಆಮೇಲೆ ನಾನೇ ಇನ್ನೊಬ್ಬಳಿಗೆ ಬೇರೆ ತಟ್ಟೆ ಇಡಬೇಕಾಗ್ತೈತೆ. ನನ್ ಕೈಲಾಗಲ್ಲವ್ವ.”

ಆದ್ದರಿಂದ ಅಜ್ಜ, ನನ್ನ ಬೇಡಿಕೆಯನ್ನು ಬದಲಾಯಿಸಿದ್ದೇನೆ. ಮೇಲೆ ಹೇಳಿದ್ದನ್ನೆಲ್ಲ ಮಾಡಿ, ನಿಮಗಾಗಿ ಮಾಡಿ. ವರ್ಷ ಕಳೆದ ಮೇಲೆ ನಿಮ್ಮ ಅಂಕ ಏರುತ್ತದೆ, ಎದೆ ಉಬ್ಬುತ್ತದೆ, ನಾಲ್ಕು ಜನರಿಗೆ ತೋರಿಸೋಣ ಎನಿಸುತ್ತದೆ. ಆಗ ಸುಮ್ಮನಿರಿ. ನಿಮ್ಮ ಮಗಳಿಗೆ ಮುಂದೆ ಗಂಡು ಹುಡುಕುವಾಗ, ಜಾತಕ ಕೊಟ್ಟ ಬೀಗರನ್ನು ‘ಹುಡುಗನ ಸ್ಕೋರ್ ಎಷ್ಟಿದೆ’ ಎಂದು ನಮ್ಮ ವಂಶದಲ್ಲಿ ಮೊಟ್ಟಮೊದಲು ಕೇಳಿದವರು ನೀವೇ ಎಂದು ಕಚೇರಿಯಲ್ಲಿ ತೆಗೆಸಿದ ಅದೇ ಲೆಕ್ಕ ಹೇಳುತ್ತದೆ. ದಯವಿಟ್ಟು ಅದನ್ನು ಕೇಳಬೇಡಿ. ಹುಡುಗ ಉಂಡನೇ ಎಂದು ಕೇಳಿ, ಎಲೆ ಹಾಕಿ.