ಹೆಡೆ ಎತ್ತಿದ ಉಪ್ಪಿನ ಹನಿ

ತಂಗೀ,

ಮೊದಲು ಆಶೀರ್ವಾದ, ಆಮೇಲೆ ಸುದ್ದಿ. ಇವತ್ತು ಮಗಳು ತನ್ನ ಪ್ರಯೋಗಶಾಲೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಒಂದು ಬಗೆಯ ಉಪ್ಪಿದೆ. ನೀರು ಬೆರೆಸದಿದ್ದರೂ ಎಣ್ಣೆಯಂತೆ ದ್ರವವಾಗಿಯೇ ಇರುತ್ತದೆ. ಅದರ ತುಂಬ ಧನ ಕಣ, ಋಣ ಕಣ ಒಂದನ್ನೊಂದು ತಬ್ಬಿಕೊಂಡಿರುತ್ತವಂತೆ. ಅದರ ಒಂದು ಹನಿ ಇಟ್ಟು, ಮೇಲೆ ತೂಗುವ ಲೋಹದ ತಟ್ಟೆಗೆ ಸಾವಿರಾರು ವೋಲ್ಟಿನ ಧನ ವಿದ್ಯುತ್ ಕೊಟ್ಟೊಡನೆ ಋಣದವು ಮೇಲಕ್ಕೆ, ಧನದವು ಕೆಳಕ್ಕೆ ಸರಿಯುತ್ತವಂತೆ. ನನ್ನ ಕಣ್ಣೆದುರೇ ಆ ಹನಿ ಹೆಡೆ ಎತ್ತಿದ ಹಾಗೆ ಚೂಪಾಗಿ ಎದ್ದು ನಿಂತಿತು. ಇವಳೋ ಅದರ ಹತ್ತಿರ ಮುಖ ತಂದು ನೋಡುತ್ತಿದ್ದಾಳೆ! ನನ್ನ ಜೀವ ಬಾಯಿಗೆ ಬಂತು. ಯಾರೂ ಇಲ್ಲದ ಕೋಣೆಯ ಫ್ಯಾನು ಆರಿಸುವಂತೆ ಗೋಡೆಯ ಸ್ವಿಚ್ಚು ಆರಿಸಿಬಿಟ್ಟೆ. ಹನಿ ಚಪ್ಪಟೆಯಾಯಿತು.

“ಅಮ್ಮಾ! ಬೆಳಗಿಂದ ಮಾಡಿದ್ದೆಲ್ಲ ಹೋಯ್ತು! ಗಾಜಿನ ಪೆಟ್ಟಿಗೆಯೊಳಗಿದೆ, ಅದೇನು ನನ್ನ ನುಂಗತ್ತಾ?”

“ಹೋದ್ರೆ ಹೋಗ್ಲಿ. ನಿನ್ನ ಇನ್ನೊಂದ್ಸಲ ಹೆರೋಕಾಗಲ್ಲ ನಂಗೆ” ಎಂದೆ.

ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಅಕ್ಷರ ಸೊಟ್ಟಗಿದ್ದರೆ ಚಳಿಗೆ ಎಂದುಕೋ. ನಾಳೆ ಬರಬೇಡ ಎಂದಿದ್ದಾಳೆ. ಹೋಗುತ್ತೇನೆ. ಸ್ವಿಚ್ಚಿನ ಪಕ್ಕ ಒಂದು ಕುರ್ಚಿ ನೋಡಿಟ್ಟು ಬಂದಿದ್ದೇನೆ.

ಕಾಗದದಲ್ಲಿ ಜಾಗ ಮುಗಿಯಿತು.
ಅಕ್ಕ