ಅತ್ತೆಯ ತಬಲಾಕ್ಕೆ ತಕ್ಕ ತಂತು

ಬೆಟಗೇರಿ, ಗದಗ
ಫೆಬ್ರವರಿ ೩೦, ೨೧೮೭

ನಮಗಿಂತ ನೂರ ಅರವತ್ತು ವರ್ಷ ಹಿಂದಿರುವ ಹಿರಿಯರಿಗೆ ಇಂದುಮತಿ ಹೊಂಬಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ಕೈತಪ್ಪು ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಸರಿಪಡಿಸಿದಾಗ ಫೆಬ್ರವರಿಗೂ ಮೂವತ್ತು ದಿನ ಸಿಕ್ಕವು. ನನ್ನ ಮಾತಿನಲ್ಲಿ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನೀವು ಬ್ರಾಡ್‌ಬ್ಯಾಂಡ್ ಎನ್ನುವುದನ್ನು ನಾವು ಮನೆತಂತು ಎನ್ನುತ್ತೇವೆ. ನಮ್ಮೂರಿನ ಗ್ರಂಥಾಲಯದವರು ಪ್ರತಿ ಮನೆಯಿಂದಲೂ ಹಿಂದಿನವರಿಗೆ ಒಂದು ಪತ್ರ ಬರೆಸುತ್ತಿದ್ದಾರೆ. ದೊಡ್ಡ ಸಂಗತಿಗಳನ್ನು ಬರೆಯಲು ಬಲ್ಲವರು ಬೇರೆ ಇದ್ದಾರೆ. ನಾನು ಮನೆತಂತು ಆರಿಸುವಾಗ ಮಾಡಿದ ಒಂದು ತಪ್ಪನ್ನು ಬರೆಯುತ್ತೇನೆ. ನೀವೂ ಅಂಥದೇ ಆಯ್ಕೆಯ ಮುಂದೆ ಕೂತಿದ್ದಿರೆಂದು ಹಳೆಯ ಪತ್ರಿಕೆಗಳಲ್ಲಿ ಓದಿದ್ದೇನೆ.

ನಮ್ಮದು ಎಂಟಂತಸ್ತಿನ ಕಟ್ಟಡದ ಮೂರನೆಯ ಮಹಡಿ. ನಾನು ಮೆಣಸಿನಕಾಯಿ ಬೀಜಗಳನ್ನು ಪರೀಕ್ಷಿಸಿ ವಿಂಗಡಿಸುವವಳು. ಬೀಜಗಳ ಚಿತ್ರಗಳು ಮನೆಗೇ ಬರುತ್ತವೆ, ಕೂತಲ್ಲೇ ಕೆಲಸ. ನಮ್ಮ ಮನೆಗಳಲ್ಲಿ ಪ್ರತ್ಯೇಕ ಪರದೆ ಇರುವುದಿಲ್ಲ. ನಡುಮನೆಯ ಒಂದು ಗೋಡೆಗೇ ನೋಟಗೋಡೆ ಎಂದು ಹೆಸರು; ದೂರದ ಊರಿನವರು ಅದರಲ್ಲಿ ಆಳೆತ್ತರಕ್ಕೆ ಕಂಡು, ಎದುರಿಗೇ ಕೂತಂತೆ ಮಾತಾಡುತ್ತಾರೆ. ಇಷ್ಟೆಲ್ಲ ಬದಲಾದರೂ ರೊಟ್ಟಿಯನ್ನು ಈಗಲೂ ಕೈಯಿಂದಲೇ ಬಡಿಯುತ್ತೇವೆ, ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಹೆಚ್ಚಾಯಿತೆಂದು ಈಗಲೂ ಜಗಳವಾಡುತ್ತೇವೆ. ಹಾಗೆ ಜಗಳವಾಡುವವರಲ್ಲಿ ಮುಂದಾಳು ನನ್ನ ಅತ್ತೆ ಸಾವಂತ್ರೆವ್ವ. ಅವರಿಗೆ ಎಪ್ಪತ್ತೊಂದು ವರ್ಷ. ಹನ್ನೆರಡನೆಯ ವಯಸ್ಸಿನಿಂದ ತಬಲಾ ನುಡಿಸುತ್ತಿದ್ದಾರೆ. ಅವರ ಗೆಳತಿ ಶಕೀಲಾ ಹಾಡುಗಾರ್ತಿ. ಇಬ್ಬರೂ ಇದೇ ಓಣಿಯಲ್ಲಿ ಬೆಳೆದವರು, ನಲವತ್ತು ವರ್ಷ ಜೊತೆಯಾಗಿ ಕಛೇರಿ ಮಾಡಿದವರು. ಶಕೀಲಾ ಬೀದರಿನ ಮಗಳ ಮನೆಗೆ ಹೋದ ಮೇಲೆ ದಿನಾ ಸಂಜೆ ಆರಕ್ಕೆ ನೋಟಗೋಡೆಯ ಮೂಲಕವೇ ಇಬ್ಬರ ರಿಯಾಜ್, ಅಂದರೆ ಸಂಗೀತದ ಅಭ್ಯಾಸ, ನಡೆಯುತ್ತಿತ್ತು.

ಹೋದ ವರ್ಷ ನಮ್ಮ ಹಳೆಯ ಮನೆತಂತಿನ ಕರಾರು ಮುಗಿಯಿತು. ಹೊಸದನ್ನು ಆರಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ, ಯಾರನ್ನೂ ಕೇಳಲಿಲ್ಲ. ಎರಡು ಬಗೆ ಇದ್ದವು. ಒಂದು ನೆಲತಂತು, ಅಂದರೆ ಮಣ್ಣಿನೊಳಗೆ ಹಾಯ್ದು ಬರುವ ಗಾಜಿನ ಎಳೆ. ಇನ್ನೊಂದು ಬಾನ್ದಾರಿ, ಬಹಳ ಎತ್ತರದ ಉಪಗ್ರಹವೊಂದರಿಂದ ಛಾವಣಿಯ ಮೇಲಿನ ತಟ್ಟೆಗೆ ಇಳಿಯುವಂಥದು. ಬಾನ್ದಾರಿಯ ವೇಗ ನೆಲತಂತಿಗಿಂತ ನಾಲ್ಕು ಪಟ್ಟು ಹೆಚ್ಚೆಂದು ದೊಡ್ಡಕ್ಷರದಲ್ಲಿ ಬರೆದಿತ್ತು. ದೊಡ್ಡ ಅಂಕಿ ನೋಡಿದೆ, ಅದನ್ನೇ ಹಾಕಿಸಿದೆ. ಬೀಜದ ಚಿತ್ರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಕೂತವು. ನಾನು ಬೀಗಿದೆ.

ಮೊದಲ ಸಂಜೆಯೇ ತಾಳ ತಪ್ಪಿತು. ಅತ್ತೆ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದರೆ ಶಕೀಲಾ ಇನ್ನೂ ಹಿಂದೆ ಇರುತ್ತಿದ್ದರು. ಅವರಿಗಾಗಿ ಅತ್ತೆ ನಿಧಾನಿಸಿದರೆ ಅವರೂ ನಿಧಾನಿಸುತ್ತಿದ್ದರು. ಹಾಡು ಎಳೆದೆಳೆದು ನಿಂತೇಹೋಗುತ್ತಿತ್ತು. ಎರಡು ವಾರ ಹೀಗೇ ನಡೆಯಿತು. ಆಮೇಲೊಂದು ದಿನ ಅತ್ತೆ ತಬಲಾಕ್ಕೆ ಗವಸು ಹಾಕಿ ಅಟ್ಟಕ್ಕೆ ಏರಿಸಿಬಿಟ್ಟರು.

“ಯಾಕ್ರೀ ಅತ್ತಿ?” ಎಂದು ಕೇಳಿದೆ.

“ಕೈಗೆ ವಯಸ್ಸಾತವಾ. ಆಕೀನ ಹಾಡು ಕೆಡಸೂದು ಬ್ಯಾಡ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ತಪ್ಪು ತಂತಿನದಿರಬಹುದೆಂದು ನಾನು ಬಾನ್ದಾರಿಯ ಕಂಪನಿಗೆ ದೂರು ಕೊಟ್ಟೆ. ಇನ್ನೂ ಹೆಚ್ಚು ವೇಗದ ಯೋಜನೆ ತೆಗೆದುಕೊಳ್ಳಿ ಎಂದರು. ತೆಗೆದುಕೊಂಡೆ. ಶಕೀಲಾ ಅವರ ಮುಖ ಇನ್ನಷ್ಟು ಸ್ಪಷ್ಟವಾಗಿ ಕಂಡಿತು; ಅವರ ಹಾಡಿಗೆ ನಾನೇ ಚಪ್ಪಾಳೆ ತಟ್ಟಿ ನೋಡಿದೆ, ತಾಳ ಮಾತ್ರ ಕೂಡಲಿಲ್ಲ. ಕೊನೆಗೆ ನಮ್ಮ ಕಟ್ಟಡದ ತಂತುಗಳನ್ನು ನೋಡಿಕೊಳ್ಳುವ ರೇಣುಕಾ ತಳವಾರ ಅವರನ್ನು ಕರೆದೆ. ಅವರು ವೇಗವನ್ನು ಅಳೆಯಲೇ ಇಲ್ಲ. ಚಹಾ ಕುಡಿಯುತ್ತ ಮೊದಲು ಕೇಳಿದ್ದು, “ಅಕ್ಕಾರ, ಮನ್ಯಾಗ ಯಾರ್‍ಯಾರು ಏನೇನು ಮಾಡ್ತೀರಿ?”

ನಾನು ಎಲ್ಲ ಹೇಳಿದೆ. ಅಟ್ಟದ ಮೇಲಿನ ತಬಲಾ ಅವರ ಕಣ್ಣಿಗೂ ಬಿತ್ತು.

“ವೇಗ ಅಂದ್ರ ಕಾಲುವಿ ಎಷ್ಟು ಅಗಲ ಐತಿ ಅನ್ನೂದು ಅಷ್ಟ. ನೀರು ಮುಟ್ಟಾಕ ಎಷ್ಟೊತ್ತು ಹಿಡೀತೈತಿ ಅನ್ನೂದು ಬ್ಯಾರೆ ಮಾತ್ರೀ. ನಿಮ್ಮ ಬಾನ್ದಾರಿ ಬಾಳ ಅಗಲ, ಆದ್ರ ದೂರ. ದನಿ ಅಷ್ಟು ಮ್ಯಾಲ ಹತ್ತಿ ಇಳದು, ಆ ಕಡಿಯಿಂದ ಹಂಗ ತಿರುಗಿ ಬರೂದ್ರಾಗ ಹೆಚ್ಚೂ ಕಡಿಮಿ ಅರ್ಧ ಸೆಕೆಂಡು ಹೋಗತೈತಿ. ಬೀಜದ ಚಿತ್ರಕ್ಕ ಅದು ಲೆಕ್ಕಕ್ಕಿಲ್ಲ. ತಾಳಕ್ಕ?”

ಒಳಗಿನಿಂದ ಅತ್ತೆ ಬಂದು ಬಾಗಿಲಲ್ಲಿ ನಿಂತಿದ್ದರು. “ಅಂದ್ರ ನನ್ನ ಕೈ...” ಎಂದು ಅರ್ಧಕ್ಕೇ ನಿಲ್ಲಿಸಿದರು.

“ನಿಮ್ಮ ಕೈಗೇನಾಗೇತ್ರೀ ಅಮ್ಮಾರ! ಯಾವ ಕೈಯಿಂದಾನೂ ಇದಕ್ಕ ತಾಳ ಕೂಡಿಸಾಕ ಆಗಂಗಿಲ್ಲ.”

ಅತ್ತೆ ಗೋಡೆಗೆ ಒರಗಿ ಮೆಲ್ಲಗೆ ಕೂತರು. ನಾನು ಅವರ ಮುಖ ನೋಡಲಾರದೆ ಚಹಾದ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮುಂದೆ ರೇಣುಕಾ ಹೇಳಿದಂತೆ ಮಾಡಿದೆವು. ನೆಲತಂತಿನವರಿಗೆ, ವರ್ಷದ ಕರಾರಿಗೆ ಮೊದಲು ಒಂದು ತಿಂಗಳು ಪರೀಕ್ಷೆಗೆ ಕೊಡಿ ಎಂದು ಕೇಳಿದೆವು. ಕೇಳಿದರೆ ಕೊಡುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ಮನೆಗೆ ಬರುವ ವೇಗದಂತೆ ಮನೆಯಿಂದ ಹೊರಗೆ ಹೋಗುವ ವೇಗವನ್ನೂ ವಿಚಾರಿಸಿದೆವು, ಏಕೆಂದರೆ ಅತ್ತೆಯ ತಬಲಾ ಹೊರಗೆ ಹೋಗಬೇಕಾದದ್ದು. ಓಣಿಯವರೆಲ್ಲ ಒಂದೇ ಎಳೆಯನ್ನು ಹಂಚಿಕೊಳ್ಳುವುದರಿಂದ ಮಧ್ಯಾಹ್ನ ಚೆನ್ನಾಗಿರುವುದು ಸಂಜೆ ಸೊರಗಬಹುದು. ಹಾಗಾಗಿ ಸಂಜೆ ಆರಕ್ಕೇ ಅಳೆದು ನೋಡಿದೆವು. ಕೋಣೆಗಳಿಗೆಲ್ಲ ತಂತನ್ನು ಹಂಚುವ ಪೆಟ್ಟಿಗೆಯನ್ನು, ನೀವು ರೂಟರ್ ಎನ್ನುತ್ತಿದ್ದುದನ್ನು, ನಾನು ಅಂದ ಕೆಡುತ್ತದೆಂದು ಕಬ್ಬಿಣದ ಬೀರುವಿನ ಹಿಂದೆ ಬಚ್ಚಿಟ್ಟಿದ್ದೆ. ರೇಣುಕಾ ನಕ್ಕು ಅದನ್ನು ನಡುಮನೆಗೆ ತಂದಿಟ್ಟರು, ನೋಟಗೋಡೆಗೆ ನೇರವಾಗಿ ಒಂದು ವೈರನ್ನೂ ಎಳೆದರು.

ನೆಲತಂತು ಬಂದ ಮೊದಲ ಸಂಜೆ ಅತ್ತೆ ತಬಲಾ ಇಳಿಸಲು ಅರ್ಧ ಗಂಟೆ ತಡಮಾಡಿದರು. ತಬಲಾ ಬಿಗಿಸುವ ಸುತ್ತಿಗೆ ಹುಡುಕಿದರು, ಶ್ರುತಿ ಸರಿಯಿಲ್ಲವೆಂದರು, ನೀರು ಕುಡಿದರು. ನೋಟಗೋಡೆಯಲ್ಲಿ ಶಕೀಲಾ ಕಾಯುತ್ತಿದ್ದರು. ಹಾಡು ಶುರುವಾಯಿತು. ಮೊದಲ ಸುತ್ತು ಹೆದರುತ್ತ ಸಾಗಿತು. ಎರಡನೆಯದರಲ್ಲಿ ಇಬ್ಬರೂ ಸಮಕ್ಕೆ ಒಟ್ಟಿಗೇ ಬಂದು ಇಳಿದರು. ಶಕೀಲಾ ಹಾಡು ನಿಲ್ಲಿಸಿ ಕೂಗಿದರು: “ಏ ಸಾವಂತ್ರಿ! ಒಂದೂವರಿ ತಿಂಗಳು ಎಲ್ಲಿ ಸತ್ತಿದ್ದಿ?”

“ಮ್ಯಾಲ ಹೋಗಿದ್ದೆ. ಈಗ ಇಳದ ಬಂದೆ” ಎಂದರು ಅತ್ತೆ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅಂದಿನಿಂದ ಒಂದು ದಿನವೂ ರಿಯಾಜ್ ತಪ್ಪಿಲ್ಲ. ನನ್ನ ಬೀಜದ ಚಿತ್ರಗಳು ಈಗ ತುಸು ನಿಧಾನ ಬರುತ್ತವೆ. ಆ ಬಿಡುವಿನಲ್ಲಿ ನಾನು ಅತ್ತೆಯಿಂದ ತಬಲಾದ ಒಂದು ಠೇಕಾ, ಒಂದು ತಾಳದ ಪೆಟ್ಟುಗಳ ವರಸೆ, ಕಲಿಯುತ್ತಿದ್ದೇನೆ.

ಹಿರಿಯರೇ, ಎಷ್ಟು ವೇಗದ ತಂತು ಬೇಕೆಂದು ಹೇಳುವಷ್ಟು ನಿಮ್ಮ ಕಾಲವನ್ನು ನಾನು ಬಲ್ಲವಳಲ್ಲ. ಒಂದೇ ಒಂದು ಕೋರಿಕೆ ಇದೆ. ಆರಿಸುವ ಮುನ್ನ ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳಿ. ಆರಿಸಿಯಾದ ಮೇಲೂ ಸುಮ್ಮನಾಗಬೇಡಿ. ಯಾರಾದರೂ ತಮ್ಮ ಇಷ್ಟದ ಕೆಲಸವನ್ನು ಸದ್ದಿಲ್ಲದೆ ಬಿಟ್ಟಿದ್ದರೆ, ತಪ್ಪು ತಮ್ಮದೇ ಎಂದುಕೊಂಡು ಮೂಲೆ ಹಿಡಿದಿದ್ದರೆ, ಹತ್ತಿರ ಹೋಗಿ ಕೂತು, ಏನಾಯಿತು ಎಂದು ವಿಚಾರಿಸಿ.

ನಿಮ್ಮ ಮನೆಗಳು ಚೆನ್ನಾಗಿರಲಿ.

ನಿಮ್ಮ ಮುಂದಿನವಳು,
ಇಂದುಮತಿ